ತಕ್ಕಡಿಗೆ ಸಿಗದ ರೋಜಾ

ರಂಜಾನ್ ತಿಂಗಳು ಬಂತೆಂದರೆ ಆಫೀಸಿನಲ್ಲಿ ನನಗೆ ಎದುರಾಗುವ ಮೊದಲ ಪ್ರಶ್ನೆ, "ನೀರೂ ಕುಡಿಯೋ ಹಾಗಿಲ್ವಾ?" ಎರಡನೆಯದು, "ಹಾಗಾದ್ರೆ ಎಷ್ಟು ಕೆಜಿ ಇಳೀತೀರಿ?" ಈ ಎರಡನೆಯ ಪ್ರಶ್ನೆಗೆ ವರ್ಷಗಟ್ಟಲೆ ನಾನು ಉತ್ಸಾಹದಿಂದಲೇ ಉತ್ತರ ಕೊಟ್ಟಿದ್ದೇನೆ. "ನಮ್ಮದು ಸಾವಿರದ ನಾನೂರು ವರ್ಷ ಹಳೆಯ ಇಂಟರ್ಮಿಟೆಂಟ್ ಫಾಸ್ಟಿಂಗ್" ಅಂದಿದ್ದೇನೆ. ಕೇಳಿದವರು ತಲೆದೂಗಿದ್ದಾರೆ. ಅವರು ತಲೆದೂಗಲಿ ಎಂದೇ ನಾನು ಹಾಗೆ ಹೇಳುತ್ತಿದ್ದೆ ಎಂಬುದು ಹೊಳೆದಾಗ ನಾಚಿಕೆಯಾಯಿತು. ಈ ಬರಹ ನನ್ನದೇ ಆ ಉತ್ತರದ ವಿರುದ್ಧ.

ಮೊದಲು ಲೆಕ್ಕ ನೋಡೋಣ. ರೋಜಾ ಮತ್ತು ತೂಕದ ಕುರಿತ 35 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2014ರಲ್ಲಿ ಪ್ರಕಟವಾಯಿತು. ತಿಂಗಳಿಡೀ ಉಪವಾಸವಿದ್ದವರ ತೂಕ ಇಳಿದದ್ದು ಸರಾಸರಿ 1.24 ಕೆಜಿ. ಹಬ್ಬ ಕಳೆದ ಕೆಲವೇ ವಾರಗಳಲ್ಲಿ ಅದರಲ್ಲಿ ಬಹುಪಾಲು ಮರಳಿ ಬಂದಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ ರಂಜಾನ್ ಸಂಜೆ ಒಮ್ಮೆ ನಡೆದಾಡಿದವರಿಗೆ ಸಮೋಸ, ಹಲೀಮ್, ಕಬಾಬ್, ಫಿರ್ನಿಗಳ ಮುಂದೆ 'ಡಯಟ್' ಎಂಬ ಪದ ಬಾಯಿಗೇ ಬರುವುದಿಲ್ಲ.

ಇನ್ನು ನೊಬೆಲ್ ಕಥೆ. ಉಪವಾಸದ ಲಾಭ ಕಂಡುಹಿಡಿದದ್ದಕ್ಕೆ ಜಪಾನಿನ ವಿಜ್ಞಾನಿಗೆ ನೊಬೆಲ್ ಸಿಕ್ಕಿತು ಎಂಬ ಸಂದೇಶ ಪ್ರತಿವರ್ಷ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ತಪ್ಪದೆ ಬರುತ್ತದೆ. 2016ರಲ್ಲಿ ಯೊಶಿನೊರಿ ಒಸುಮಿ ಅವರಿಗೆ ವೈದ್ಯಕೀಯ ನೊಬೆಲ್ ಬಂದದ್ದು ನಿಜ. ಆದರೆ ಅದು ಬಂದದ್ದು, ಜೀವಕೋಶ ತನ್ನದೇ ಭಾಗಗಳನ್ನು ಒಡೆದು ಮರುಬಳಕೆ ಮಾಡುವ 'ಆಟೊಫೇಜಿ' ಕ್ರಿಯೆಯ ಒಳಗುಟ್ಟು ಬಿಡಿಸಿದ್ದಕ್ಕೆ. ಅವರ ಮುಖ್ಯ ಪ್ರಯೋಗಗಳು ನಡೆದದ್ದು ಬ್ರೆಡ್ ಉಬ್ಬಿಸುವ ಯೀಸ್ಟ್ ಮೇಲೆ. ಯೀಸ್ಟಿಗೆ ಸಹರಿಯೂ ಇಲ್ಲ, ಇಫ್ತಾರೂ ಇಲ್ಲ.

ಇದನ್ನೆಲ್ಲ ನಕ್ಕು ಬಿಟ್ಟುಬಿಡಬಹುದಿತ್ತು, ನನ್ನ ಮಾಮು ಇಲ್ಲದಿದ್ದರೆ. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ರೋಜಾ ಇಟ್ಟರೆ ಸಕ್ಕರೆ ತಾನೇ ಹತೋಟಿಗೆ ಬರುತ್ತದೆ ಎಂದು ಯಾರೋ ಕಳಿಸಿದ ವಿಡಿಯೋ ನಂಬಿ, ಡಾಕ್ಟರನ್ನೂ ಕೇಳದೆ ಉಪವಾಸ ಶುರುಮಾಡಿದರು. ನಾಲ್ಕನೆಯ ದಿನ ಮಧ್ಯಾಹ್ನ ಮೈಯೆಲ್ಲ ಬೆವೆತು ಮಾತು ತೊದಲತೊಡಗಿತು. ಮಾಮಿ ಸಕ್ಕರೆ ನೀರು ತಂದರೆ, "ಇನ್ನು ಮೂರು ಗಂಟೆ ತಾನೆ" ಎಂದು ಹಲ್ಲು ಕಚ್ಚಿದರು. ಬಲವಂತವಾಗಿ ಕುಡಿಸಿದ್ದರಿಂದ ಬದುಕಿಕೊಂಡರು. ಕಾಯಿಲೆಯವರಿಗೆ, ಪ್ರಯಾಣಿಕರಿಗೆ ಕುರಾನೇ ವಿನಾಯಿತಿ ಕೊಟ್ಟಿದೆ. ಧರ್ಮ "ಬೇಡ" ಎಂದದ್ದನ್ನು ಅರೆಬೆಂದ ವಿಜ್ಞಾನ "ಮಾಡು" ಅಂದಿತ್ತು.

ರೋಜಾ ತೂಕ ಇಳಿಸುವ ಉಪಾಯವಾಗಿದ್ದರೆ ಅದರ ನಿಯಮಗಳು ಹೀಗಿರುತ್ತಿರಲಿಲ್ಲ. ಬೆಳಗಿನ ಜಾವ ಎದ್ದು ಉಣ್ಣುವುದು ಪುಣ್ಯ. ಸೂರ್ಯ ಮುಳುಗಿದ ಕೂಡಲೇ ತಡಮಾಡದೆ ಉಪವಾಸ ಬಿಡುವುದು ಒಳ್ಳೆಯದು. ಈದ್ ದಿನ ಉಪವಾಸವಿರುವುದು ನಿಷಿದ್ಧ. ಹೆಚ್ಚು ಹಸಿದಷ್ಟೂ ಹೆಚ್ಚು ಲಾಭ ಎನ್ನುವ ಡಯಟ್ ಲೆಕ್ಕಕ್ಕೆ ಇವು ಯಾವುವೂ ಒಗ್ಗುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಫಿದಿಯಾ. ವಾಸಿಯಾಗದ ಕಾಯಿಲೆಯಿಂದಲೋ ಮುಪ್ಪಿನಿಂದಲೋ ಉಪವಾಸವಿರಲಾಗದವರು ಒಂದೊಂದು ದಿನಕ್ಕೂ ಒಬ್ಬ ಬಡವನಿಗೆ ಊಟ ಹಾಕಬೇಕು. ನನ್ನ ಹೊಟ್ಟೆ ಖಾಲಿ ಇಡಲಾಗದಿದ್ದರೆ ಇನ್ನೊಬ್ಬನ ಹೊಟ್ಟೆ ತುಂಬಿಸಬೇಕು! ಜಿಮ್ಮಿಗೆ ಹೋಗದ ದಿನ ಪಕ್ಕದ ಮನೆಯವನಿಗೆ ಊಟ ಹಾಕು ಎಂದು ಯಾವ ತರಬೇತುದಾರನೂ ಹೇಳುವುದಿಲ್ಲ. ನನ್ನ ಹಸಿವಿಗೂ ಇನ್ನೊಬ್ಬನ ಅನ್ನಕ್ಕೂ ಗಂಟುಹಾಕಿದ ಈ ನಿಯಮವನ್ನು ಕೈಬಿಟ್ಟರೆ ಉಳಿಯುವುದು ಬರೀ ಹೊಟ್ಟೆಯ ಕಸರತ್ತು. ಸುಳ್ಳು, ಕೆಡುಕು ಬಿಡದವನು ಅನ್ನನೀರು ಬಿಟ್ಟು ಏನು ಪ್ರಯೋಜನ ಎಂಬರ್ಥದ ಪ್ರವಾದಿ ವಚನವೂ ಇದೆ. ಅದನ್ನು ಅಳೆಯುವ ತಕ್ಕಡಿ ಎಲ್ಲಿದೆ?

"ಪುಣ್ಯದ ಜೊತೆ ಆರೋಗ್ಯವೂ ಸಿಕ್ಕರೆ ನಿನಗೇನು ನೋವು?" ಎಂದು ಗೆಳೆಯರು ಕೇಳುತ್ತಾರೆ. ಸಿಗಲಿ, ಬೇಡ ಅನ್ನುವವನು ನಾನಲ್ಲ. ದಿನಕ್ಕೆ ಹದಿನಾರು ಗಂಟೆ ಉಪವಾಸವಿದ್ದು ಸೊಂಟ ಕರಗಿಸಿಕೊಳ್ಳುವವರ ಮೇಲೂ ನನಗೆ ಸಿಟ್ಟಿಲ್ಲ. ನನ್ನ ಜಗಳ ನಮ್ಮವರ ಜೊತೆ, ನನ್ನ ಜೊತೆ. ನಮ್ಮ ನಂಬಿಕೆಗೆ ನಾವೇ ವಿಜ್ಞಾನದ ಸರ್ಟಿಫಿಕೇಟು ಅಂಟಿಸಿಕೊಂಡು ಯಾರ ಮುಂದೆ ನಿಂತಿದ್ದೇವೆ? ಏಕಾದಶಿಗೂ ಈಗ ಇದೇ ಗತಿ. ನಾಳೆ ಇನ್ನೊಂದು ಸಂಶೋಧನೆ ಬಂದು ಉಪವಾಸದಿಂದ ಲಾಭವಿಲ್ಲ ಎಂದರೆ ರೋಜಾ ಬಿಡುತ್ತೇವೆಯೇ? ಬಿಡುವುದಿಲ್ಲ. ಅಂದಮೇಲೆ ನಾವು ಕೊಡುತ್ತಿರುವ ಕಾರಣ ನಮ್ಮ ನಿಜವಾದ ಕಾರಣವಲ್ಲ. ಅಂಥ ಕಾರಣ ಹೇಳುವುದನ್ನು ಕನ್ನಡದಲ್ಲಿ ಸುಳ್ಳು ಅನ್ನುತ್ತಾರೆ. ಉಪವಾಸದ ಬಾಯಲ್ಲಿ ಸುಳ್ಳು!

ಮಾಮು ಈಗ ರೋಜಾ ಇಡುವುದಿಲ್ಲ. ಮೊದಮೊದಲು ನಾಚಿಕೆಯಿಂದ ಸಂಜೆ ಮಸೀದಿ ಕಡೆಗೂ ಹೋಗುತ್ತಿರಲಿಲ್ಲ. ಈಗ ರಂಜಾನಿನ ಮೂವತ್ತೂ ದಿನ ಟಿಫಿನ್ ಕ್ಯಾರಿಯರ್ ಹಿಡಿದು, ಬಸ್ ಸ್ಟ್ಯಾಂಡಿನ ಹಿಂದೆ ಒಂಟಿಯಾಗಿರುವ ಮುದುಕಿಯೊಬ್ಬಳಿಗೆ ಊಟ ಕೊಟ್ಟು ಬರುತ್ತಾರೆ. ಈ ಸಲ ಆಫೀಸಿನಲ್ಲಿ "ಎಷ್ಟು ಕೆಜಿ ಇಳಿದ್ರಿ?" ಎಂದು ಯಾರಾದರೂ ಕೇಳಿದರೆ, ನಾನು ಅವರ ಕಥೆ ಹೇಳುತ್ತೇನೆ.