ಗೋಡೆಗೆ ಎಷ್ಟು, ಗದ್ದೆಗೆ ಎಷ್ಟು?

ಗುಡ್ಡದ ಮೇಲೊಂದು ಮನೆ ಏಳಬೇಕಾದರೆ ಕೆಳಗೆ ಒಂದು ಹೊಳೆ ಸೊರಗಬೇಕು ಎಂಬ ವಿಚಿತ್ರ ನಿಯಮವೊಂದು ಮಲೆನಾಡಿನಲ್ಲಿ ಸದ್ದಿಲ್ಲದೆ ಜಾರಿಗೆ ಬಂದಿದೆ. ಹೊಳೆಯ ಪಾತ್ರದಲ್ಲಿರುವ ಮರಳು ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ದಂಡೆಯ ಬಾವಿಗಳಿಗೆ ಒಸರಾಗಿ ಹಿಂದಿರುಗಿಸುತ್ತದೆ. ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿಯೇ ಹೇಳಿತು. ಬಳಿಕ ಬೇಡಿಕೆಯು ಎಂ-ಸ್ಯಾಂಡಿನತ್ತ ಹೊರಳಿತು. ಅದಾದರೂ ಗುಡ್ಡವನ್ನೇ ಒಡೆದ ಪುಡಿ. ಆದ್ದರಿಂದ ಮರಳಿನ ಬದಲು ಹಗುರವಾದ ಬೇರೆ ವಸ್ತುಗಳನ್ನು ಗಾರೆಗೆ ಬಳಸಬಹುದೆ ಎಂಬ ಪ್ರಶ್ನೆ ಕೇವಲ ಎಂಜಿನಿಯರುಗಳದ್ದಾಗಿ ಉಳಿದಿಲ್ಲ.

ಈ ಸಂದರ್ಭದಲ್ಲಿ ತಾನಾಗಿಯೇ ಹರಿದು ಕೂರುವ ಗಾರೆಯ ಮಾತು ಬರುತ್ತದೆ. ಇದರ ಮೂಲ ಜಪಾನ್. ಸಾಮಾನ್ಯ ಕಾಂಕ್ರೀಟನ್ನು ಅದುರಿಸಿ, ಕುಟ್ಟಿ ಗಟ್ಟಿಗೊಳಿಸಬಲ್ಲ ಕುಶಲ ಕೆಲಸಗಾರರು ಅಲ್ಲಿ ಕಡಿಮೆಯಾಗುತ್ತಿದ್ದ ಕಾಲದಲ್ಲಿ, 1986ರಲ್ಲಿ, ಪ್ರೊಫೆಸರ್ ಹಜಿಮೆ ಒಕಮುರ ಅವರು ತನ್ನ ತೂಕದಿಂದಲೇ ಅಚ್ಚಿನ ಮೂಲೆ ಮೂಲೆಗೂ ತುಂಬಿಕೊಳ್ಳುವ ಕಾಂಕ್ರೀಟಿನ ಕಲ್ಪನೆಯನ್ನು ಮುಂದಿಟ್ಟರು. 1988ರಲ್ಲಿ ಅದು ಕೈಗೂಡಿತು. ಅದೇ ತತ್ತ್ವದ ಗಾರೆಯಲ್ಲಿ ನೀರು ಕಡಿಮೆ, ನುಣ್ಣನೆಯ ಪುಡಿ ಹೆಚ್ಚು. ಹರಿವಿಗಾಗಿ ಸೂಪರ್‌ಪ್ಲಾಸ್ಟಿಸೈಜರ್ ಎಂಬ ರಾಸಾಯನಿಕ ಅಲ್ಪ ಪ್ರಮಾಣದಲ್ಲಿ. ಆರು ಸೆಂಟಿಮೀಟರ್ ಎತ್ತರದ ಪುಟ್ಟ ಶಂಕುವಿನಲ್ಲಿ ತುಂಬಿ ಎತ್ತಿದಾಗ ಗಾರೆಯು 24ರಿಂದ 26 ಸೆಂಟಿಮೀಟರ್ ಅಗಲಕ್ಕೆ ಹರಡಿದರೆ ಅದು ಹದವಾಗಿದೆ ಎಂದು ಲೆಕ್ಕ. ನುರಿತ ಮೇಸ್ತ್ರಿಗಳ ಅಭಾವ ಮಲೆನಾಡಿಗೂ ಹೊಸದೇನಲ್ಲ.

ಇಂತಹ ಗಾರೆಯನ್ನು ಹಗುರಗೊಳಿಸುವುದರಲ್ಲಿಯೇ ತೊಡಕಿದೆ. ಗಾರೆ ಹರಿಯುವುದು ತನ್ನ ತೂಕದಿಂದ; ತೂಕ ಇಳಿದಷ್ಟೂ ಹರಿವಿನ ಒತ್ತಡವೂ ಇಳಿಯುತ್ತದೆ. ಹಗುರವಾದ ಕಣಗಳು ಮೇಲಕ್ಕೆ ತೇಲಿ ಗಾರೆ ಎರಡು ಪದರವಾಗುತ್ತದೆ. ರಂಧ್ರಮಯ ಕಣಗಳಾದರೆ ಬೆರೆಸಿದ ನೀರನ್ನೂ ಕುಡಿಯುತ್ತವೆ; ಅವನ್ನು ಮೊದಲೇ ನೆನೆಸಿಡಬೇಕು. ಇದನ್ನೆಲ್ಲ ನಿಭಾಯಿಸಿದರೆ ಲಾಭ ದೊಡ್ಡದು. ಒಂದು ಘನಮೀಟರ್ ಸಾಮಾನ್ಯ ಗಾರೆಯ ತೂಕ 2000 ಕಿಲೋಗ್ರಾಂಗೂ ಮಿಕ್ಕಿದ್ದು. ಯುರೋಪಿನ ಮಾನದಂಡದಂತೆ ಒಣಗಿದ ಹಗುರ ಗಿಲಾವು ಗಾರೆ 1300 ಕಿಲೋಗ್ರಾಂ ಮೀರುವಂತಿಲ್ಲ. ಲಾರಿ ಹತ್ತದ ಗುಡ್ಡದ ಮನೆಗೆ, ತಲೆಹೊರೆಯೊಂದಕ್ಕೆ 25 ಕಿಲೋ ಎಂದರೆ, ಘನಮೀಟರಿಗೆ 28 ಹೊರೆ ಉಳಿಯಿತು. ಭಾರ ಹೊರುವ ಗೋಡೆ, ಕಂಬಗಳಿಗೆ ಮಾತ್ರ ಈ ಲೆಕ್ಕ ಹಿಡಿಯಬಾರದು; ತೂಕದೊಡನೆ ಬಲವೂ ಇಳಿಯುತ್ತದೆ.

ಪರ್ಲೈಟ್, ವರ್ಮಿಕ್ಯುಲೈಟ್, ಪ್ಯೂಮಿಸ್ ಕಲ್ಲುಗಳನ್ನು ದೂರದಿಂದ ತರಿಸುವುದು ಮಲೆನಾಡಿಗೆ ಹೇಳಿದ್ದಲ್ಲ. ಇಲ್ಲಿ ಬೇಕಾದಷ್ಟಿರುವುದು ಒಡೆದ ಹೆಂಚು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಗಾರೆಯಲ್ಲಿ ಸುಟ್ಟ ಜೇಡಿಯ ಪುಡಿ, ಅಂದರೆ ಸುರ್ಕಿ, ಇತ್ತೆಂಬುದು ನೆನಪಿರಲಿ. ಮರಳಿಗಿಂತ ಹಗುರವಾದ ಹೆಂಚಿನ ಚೂರಿನ ನುಣ್ಣನೆಯ ಭಾಗವು ಸುಣ್ಣದೊಡನೆ ಬೆರೆತು ಗಟ್ಟಿಯಾಗುವ ಗುಣವನ್ನೂ ಹೊಂದಿದೆ.

ಇನ್ನೊಂದು ವಸ್ತು ಭತ್ತದ ಉಮಿಯ ಬೂದಿ. ನೂರು ಕಿಲೋ ಭತ್ತಕ್ಕೆ ಸುಮಾರು ಇಪ್ಪತ್ತು ಕಿಲೋ ಉಮಿ. ಅದನ್ನು ಸುಟ್ಟರೆ ಸುಮಾರು ನಾಲ್ಕು ಕಿಲೋ ಬೂದಿ. ಆ ಬೂದಿಯ ಬಹುಪಾಲು ಸಿಲಿಕಾ. ಸುಮಾರು 700 ಡಿಗ್ರಿ ಸೆಲ್ಸಿಯಸ್ ಒಳಗೆ ಹದವಾಗಿ ಸುಟ್ಟರೆ ಸಿಲಿಕಾ ಸ್ಫಟಿಕವಾಗದೆ ಉಳಿದು ಸಿಮೆಂಟಿನೊಡನೆ ಪ್ರತಿಕ್ರಿಯಿಸುತ್ತದೆ. ಸಾಮಾನ್ಯವಾಗಿ ಸಿಮೆಂಟಿನ ಶೇ. 10ರಿಂದ 20 ಭಾಗದ ಬದಲಿಗೆ ನಿಲ್ಲುತ್ತದೆ. ಗಾರೆಗೆ ಅಂಟುಗುಣ ಕೊಟ್ಟು ಹಗುರ ಕಣಗಳು ತೇಲದಂತೆಯೂ ತಡೆಯುತ್ತದೆ. ಹೆಚ್ಚು ಬಿಸಿಯಾದರೆ ಸಿಲಿಕಾ ಸ್ಫಟಿಕವಾಗಿ ಜಡವಾಗುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಅರೆಬೆಂದ ಕರಿಬೂದಿಯ ಇಂಗಾಲವಂತೂ ನೀರನ್ನೂ ದುಬಾರಿ ರಾಸಾಯನಿಕವನ್ನೂ ಹೀರಿ ಹರಿವನ್ನೇ ಕೊಲ್ಲುತ್ತದೆ.

ಉಮಿಯನ್ನು ‘ತ್ಯಾಜ್ಯ’ವೆಂದು ಕರೆಯುವ ಪ್ರಯೋಗಾಲಯದ ಭಾಷೆಗೆ ಇಲ್ಲಿ ತಕರಾರಿದೆ. ಭತ್ತವು ಮಣ್ಣಿನಿಂದ ಸಿಲಿಕಾನನ್ನು ಅಪಾರವಾಗಿ ಹೀರುವ ಬೆಳೆ. ಪೈರಿಗೆ ನೆಟ್ಟಗೆ ನಿಲ್ಲುವ ಬಲವನ್ನೂ ಬೆಂಕಿ ರೋಗವನ್ನು ತಡೆಯುವ ಶಕ್ತಿಯನ್ನೂ ಅದು ಕೊಡುತ್ತದೆ. ಮಳೆಗೆ ತೊಳೆದುಹೋದ ಘಟ್ಟದ ಕೆಂಪು ಮಣ್ಣಿನಲ್ಲಿ ಪೈರಿಗೆ ದಕ್ಕುವ ಸಿಲಿಕಾನ್ ಮೊದಲೇ ಕಡಿಮೆ. ಹುಲ್ಲು ಕೊಟ್ಟಿಗೆಗೆ, ಉಮಿ ಗೋಡೆಗೆ ಹೋದರೆ ಗದ್ದೆಗೆ ಹಿಂದಿರುಗುವುದೇನು? ಗೋಡೆಗೆ ಸೇರಿದ ಸಿಲಿಕಾ ಮತ್ತೆ ಮಣ್ಣಿಗೆ ಬಾರದು. ಊರಿನ ಉಮಿಯ ಮೊದಲ ಹಕ್ಕು ಊರಿನ ಗದ್ದೆಯದು. ದೊಡ್ಡ ಗಿರಣಿಗಳ ಕುಲುಮೆಯಲ್ಲಿ ಹೇಗೂ ಬೂದಿಯಾಗಿ ದಾರಿಬದಿಗೆ ಬೀಳುವ ಪಾಲಿನಲ್ಲಿ ಹದವಾಗಿ ಬೆಂದುದು ಮಾತ್ರ ಗಾರೆಗೆ ಸಲ್ಲಲಿ.

ಥರ್ಮೊಕೋಲ್ ಮಣಿಗಳನ್ನು ಬೆರೆಸಿದರೆ ಗಾರೆ ಎಲ್ಲಕ್ಕಿಂತ ಹಗುರವಾಗುವುದು ನಿಜ. ಆದರೆ ಗೋಡೆ ಕೊರೆದಾಗ, ಕೆಡವಿದಾಗ ಆ ಮಣಿಗಳು ಗಾಳಿಗೆ ಹಾರಿ ಹಳ್ಳ ಸೇರುತ್ತವೆ. ಹೊಳೆಯ ಮರಳನ್ನು ಉಳಿಸಹೊರಟು ಹೊಳೆಗೆ ಪ್ಲಾಸ್ಟಿಕ್ ಸುರಿಯುವ ಜಾಣ್ಮೆ ಯಾರಿಗೂ ಬೇಡ. ಹಸಿ ಅಡಕೆ ಸಿಪ್ಪೆಯ ನಾರನ್ನು ನೇರವಾಗಿ ಸಿಮೆಂಟಿಗೆ ಬೆರೆಸುವ ಉತ್ಸಾಹವೂ ಸಲ್ಲದು; ಸಸ್ಯದ ಸಕ್ಕರೆಯಂಶ ಸಿಮೆಂಟು ಗಟ್ಟಿಯಾಗುವುದನ್ನು ತಡಮಾಡುತ್ತದೆ, ಸಿಮೆಂಟಿನ ಕ್ಷಾರ ನಾರನ್ನು ಕ್ರಮೇಣ ತಿನ್ನುತ್ತದೆ.

ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ತಮ್ಮ ಅಂತಿಮ ವರ್ಷದ ಪ್ರಾಜೆಕ್ಟಿಗೆ ಪರ್ಲೈಟ್ ತರಿಸುವ ಮೊದಲು ಊರಿನ ಒಡೆದ ಹೆಂಚನ್ನು ಕುಟ್ಟಿ, ಜರಡಿ ಹಿಡಿದು, ರಾತ್ರಿಯಿಡೀ ನೆನೆಸಿ, ಆ ಪುಟ್ಟ ಶಂಕುವಿನಲ್ಲಿ ಅಳೆದು ನೋಡಲಿ. ಅಚ್ಚಿನಿಂದ ತೆಗೆದ ಗಟ್ಟಿಯನ್ನು ಉದ್ದಕ್ಕೆ ಸೀಳಿದರೆ ಹಗುರ ಚೂರುಗಳು ಮೇಲೆ ಗುಂಪುಗೂಡಿವೆಯೋ, ಸಮನಾಗಿ ಹರಡಿವೆಯೋ ಬರಿಗಣ್ಣಿಗೇ ತಿಳಿಯುತ್ತದೆ.