‘ಮತ್ತು ಸಂಗಡಿಗರು’

ಕೆಲವು ವರ್ಷಗಳ ಹಿಂದೆ ರಾಯಚೂರಿನಲ್ಲಿ ಸುಗಮ ಸಂಗೀತವನ್ನು ಕುರಿತು ಒಂದು ಉಪನ್ಯಾಸ ಮಾಡಿದೆ. ಕರಪತ್ರವನ್ನು ನಾನೇ ಬರೆದುಕೊಟ್ಟಿದ್ದೆ. ಅದರಲ್ಲಿ ‘ಪಿ. ಕಾಳಿಂಗರಾವ್ ಮತ್ತು ಸಂಗಡಿಗರ ಗೀತೆಗಳು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಉಪನ್ಯಾಸ ಮುಗಿದ ಮೇಲೆ ದೇವದುರ್ಗದ ಕಡೆಯ ಒಬ್ಬ ವೃದ್ಧ ಶಿಕ್ಷಕಿ ಆ ಕರಪತ್ರವನ್ನು ಹಿಡಿದುಕೊಂಡೇ ಎದ್ದು ನಿಂತರು. “ಅಲ್ರೀ ಸರ, ಹಾಡಿದವರು ಮೂರು ಮಂದಿ. ಹೆಸರು ಒಬ್ಬರದ ಬರದೀರಿ. ಉಳಿದ ಇಬ್ಬರಿಗೆ ಅವರ ಅವ್ವ-ಅಪ್ಪ ಹೆಸರು ಇಟ್ಟಿದ್ದಿಲ್ಲೇನ್ರಿ?” ಎಂದು ಕೇಳಿದರು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಅವರ ಹೆಸರು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆಯಲಿಲ್ಲವಲ್ಲ, ಅದೇ ನನ್ನ ತಪ್ಪು. ಇಂದು ನಾನು ಪರರ ಮೇಲೆ ಹೊರಿಸುವ ಆರೋಪದಲ್ಲಿ ಮೊದಲನೆಯ ಅಪರಾಧಿ ನಾನೇ ಎಂದು ಒಪ್ಪಿಕೊಂಡು ಮುಂದುವರಿಯುತ್ತೇನೆ.

ಆ ಇಬ್ಬರು ಸೋಹನಕುಮಾರಿ ಮತ್ತು ಮೋಹನಕುಮಾರಿ ಎಂಬ ಸೋದರಿಯರು. ಪಾಂಡೇಶ್ವರ ಕಾಳಿಂಗರಾಯರು 1914ರಲ್ಲಿ ಉಡುಪಿಯ ಹತ್ತಿರದ ಆರೂರಿನಲ್ಲಿ, ಯಕ್ಷಗಾನದ ಮನೆಯಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ನಾಟಕ ಮಂಡಲಿಯಲ್ಲಿ ಬಣ್ಣ ಹಚ್ಚಿದವರು. ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದವರು. ಕವಿಗಳ ಕವನ ಪುಸ್ತಕದಲ್ಲಿ ಮಲಗಿದ್ದ ಕಾಲದಲ್ಲಿ ಅದನ್ನು ಎಬ್ಬಿಸಿ ಬೀದಿಯ ಚಪ್ಪರಕ್ಕೆ ಕರೆತಂದ ಕೀರ್ತಿ ಅವರದು. ಕುಣಿಗಲ್ ಕೆರೆಯ ಹಾಡನ್ನು ಆ ಕೆರೆಯನ್ನು ಕಂಡರಿಯದ ನಮ್ಮ ಬಿಸಿಲನಾಡಿನವರೂ ಗುನುಗುವಂತೆ ಮಾಡಿದ ಶಾರೀರ ಅದು. 1950ರ ಮತ್ತು 1960ರ ದಶಕಗಳಲ್ಲಿ ಗಣೇಶೋತ್ಸವದ ಚಪ್ಪರಗಳಲ್ಲಿ ಜನ ಕಿಕ್ಕಿರಿದು ಕೇಳುತ್ತಿದ್ದುದು ಆ ಕಂಠವನ್ನು. 1956ರ ವರೆಗೆ ಹೈದರಾಬಾದು ರಾಜ್ಯದ ಕಡೆಗೆ ಮುಖ ಮಾಡಿಕೊಂಡಿದ್ದ ರಾಯಚೂರಿಗೆ, ತಾನು ಸೇರಿದ ಹೊಸ ರಾಜ್ಯದ ದನಿ ಮೊದಲು ಪರಿಚಯವಾದದ್ದು ಸರಕಾರಿ ಆದೇಶಗಳಿಂದಲ್ಲ, ಇಂಥ ಹಾಡುಗಳಿಂದ. ಕಾಳಿಂಗರಾಯರು 1981ರಲ್ಲಿ ತೀರಿಕೊಂಡರು. ಅವರ ಹಿರಿಮೆಯನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ.

ಆದರೆ ಆ ಧ್ವನಿಮುದ್ರಿಕೆಗಳನ್ನು ಮತ್ತೊಮ್ಮೆ ಕಿವಿಗೊಟ್ಟು ಕೇಳಿ. ಒಂದು ಸಾಲನ್ನು ರಾಯರು ಎತ್ತಿಕೊಡುತ್ತಾರೆ. ಅದನ್ನು ಎರಡು ಹೆಣ್ಣುದನಿಗಳು ಹಿಡಿದು ಮೇಲಕ್ಕೊಯ್ಯುತ್ತವೆ. ಆ ಮೇಲಕ್ಕೊಯ್ಯುವಿಕೆಯಲ್ಲಿಯೇ ಹಳ್ಳಿಯ ಹೆಣ್ಣುಮಕ್ಕಳ ಸೋಬಾನೆಯ ಸೊಗಸಿದೆ, ಕೋಲಾಟದ ನಡಿಗೆಯಿದೆ. ಆ ಎರಡು ದನಿಗಳನ್ನು ತೆಗೆದುಬಿಟ್ಟರೆ ಉಳಿಯುವುದು ಒಬ್ಬ ಶ್ರೇಷ್ಠ ಗಾಯಕನ ಗಾಯನ. ಜನಪದ ಗೀತೆ ಉಳಿಯುವುದಿಲ್ಲ. ಜನಪದವೆಂದರೆ ಒಬ್ಬನಿಂದಾಗುವ ಮಾತೆ? ಹೀಗಿದ್ದೂ ಜಯಂತಿ ಒಬ್ಬರದು, ಭಾವಚಿತ್ರ ಒಬ್ಬರದು, ಭಾಷಣ ಒಬ್ಬರ ಮೇಲೆ. ಉಳಿದಿಬ್ಬರಿಗೆ ‘ಮತ್ತು ಸಂಗಡಿಗರು’ ಎಂಬ ಎರಡು ಶಬ್ದಗಳ ಭಿಕ್ಷೆ!

“ಮುಖ್ಯ ಗಾಯಕ ಮುಖ್ಯನೇ; ಹಿಮ್ಮೇಳ ಹಿಮ್ಮೇಳವೇ. ಇದರಲ್ಲಿ ಅನ್ಯಾಯವೇನು?” ಎಂದು ಕೆಲವು ಮಿತ್ರರು ಕೇಳುತ್ತಾರೆ. ಅವರನ್ನು ಒಂದು ಗೀಗೀ ಮೇಳಕ್ಕೆ ಕರೆದೊಯ್ಯಬೇಕು. ಮುಂದೆ ನಿಂತವನು ದಪ್ಪು ಬಡಿಯುತ್ತ ಕಥೆ ಹೇಳುತ್ತಾನೆ. ಹಿಂದೆ ನಿಂತವರು ತುಂತುಣಿ ಮೀಟುತ್ತ, ತಾಳ ಹಾಕುತ್ತ ಅವನ ಸೊಲ್ಲನ್ನು ಎತ್ತಿ ಹಿಡಿಯುತ್ತಾರೆ. ಆ ಪ್ರಕಾರಕ್ಕೆ ಗೀಗೀ ಪದವೆಂಬ ಹೆಸರು ಬಂದದ್ದು ಎಲ್ಲಿಂದ? ಮುಂದಿನವನ ಕಥೆಯಿಂದಲ್ಲ, ಹಿಂದಿನವರ ಸೊಲ್ಲಿನಿಂದ! ನಮ್ಮ ಜನ ಹಿಮ್ಮೇಳದ ದನಿಯಿಂದಲೇ ಇಡೀ ಹಾಡಿಗೆ ಹೆಸರಿಟ್ಟರು. ಓದುಬರಹ ಕಲಿತ ನಾವು ಹಿಮ್ಮೇಳದವರ ಹೆಸರನ್ನೇ ಅಳಿಸಿದೆವು. ಯಾರು ಸುಸಂಸ್ಕೃತರು?

ಹೊರಗಿನ ಜಗತ್ತನ್ನು ನೋಡಿ. 1961ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಇಬ್ಬರು ಗಂಡಸರೂ ಒಬ್ಬ ಹೆಂಗಸೂ ಕೂಡಿ ಒಂದು ಗಾಯಕ ತ್ರಯವನ್ನು ಕಟ್ಟಿಕೊಂಡರು. ಗಿಟಾರು ಹಿಡಿದು ಜನಪದದ ಧಾಟಿಯಲ್ಲಿ ಹಾಡಿ ಲೋಕಪ್ರಸಿದ್ಧರಾದರು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಭಾಷಣ ಮಾಡಿದ ವಾಷಿಂಗ್ಟನ್ನಿನ ಮಹಾಸಭೆಯಲ್ಲಿಯೂ ಹಾಡಿದರು. ಆ ಮೇಳದ ಹೆಸರೇನು? ‘ಪೀಟರ್, ಪಾಲ್ ಅಂಡ್ ಮೇರಿ’. ಮೂವರ ಹೆಸರೇ ಮೇಳದ ಹೆಸರು! ‘ಪೀಟರ್ ಮತ್ತು ಸಂಗಡಿಗರು’ ಎಂದು ಅವರು ಕರೆದುಕೊಳ್ಳಲಿಲ್ಲ. 1970ರಲ್ಲಿ ಅವರು ಬೇರೆಯಾದರು, 1978ರಲ್ಲಿ ಮತ್ತೆ ಕೂಡಿದರು, 2009ರಲ್ಲಿ ಮೇರಿ ಟ್ರಾವರ್ಸ್ ತೀರಿಕೊಂಡರು. ಇದೆಲ್ಲವೂ ಇಸವಿ ಸಹಿತ ದಾಖಲಾಗಿದೆ. ಮೂವರನ್ನೂ ಮೊದಲೇ ಎಣಿಕೆಗೆ ತೆಗೆದುಕೊಂಡಿದ್ದರಿಂದ ಅವರ ಅಗಲಿಕೆಯೂ ಒಂದು ಸುದ್ದಿಯಾಯಿತು. ನಮ್ಮಲ್ಲಿ ಕೂಡಿದ್ದನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲ; ಅಗಲಿದ್ದನ್ನು ಯಾರು ಕೇಳಬೇಕು? ಒಬ್ಬರೇ ಇದ್ದರೆಂದು ನಂಬಿದವರಿಗೆ ಮೂವರು ಬೇರೆಯಾದ ನೋವು ಹೇಗೆ ತಿಳಿದೀತು?

ಅಲ್ಲಿ ಎಲ್ಲವೂ ನ್ಯಾಯವಾಗಿಯೇ ನಡೆಯಿತೆಂದು ಹೇಳುತ್ತಿಲ್ಲ. ‘ಕಿಂಗ್‌ಸ್ಟನ್ ಟ್ರಯೊ’ ಎಂಬ ಇನ್ನೊಂದು ಮೇಳ 1958ರಲ್ಲಿ ‘ಟಾಮ್ ಡೂಲಿ’ ಎಂಬ ಹಾಡಿನಿಂದ ಅಪಾರ ಹಣ ಮಾಡಿತು. ಆ ಹಾಡು ಅವರಿಗೆ ದೊರೆತ ರೂಪ ಫ್ರಾಂಕ್ ಪ್ರಾಫಿಟ್ ಎಂಬ ಗುಡ್ಡಗಾಡಿನ ರೈತನ ಬಾಯಿಂದ ಬಂದದ್ದು. ಹಾಡು ದೇಶವನ್ನೆಲ್ಲ ಸುತ್ತಿದ ಮೇಲೆ ಅವನ ಹೆಸರು ಹೊರಬಿತ್ತು. ಆ ಮೇಳವೂ ಹಣದ ಲೆಕ್ಕ ಮತ್ತು ಹಾಡುವ ರೀತಿಯ ಜಗಳದಲ್ಲಿ 1961ರಲ್ಲಿ ಒಡೆಯಿತು, ಒಬ್ಬ ಹೊರಟುಹೋದ, ಅವನ ಜಾಗಕ್ಕೆ ಇನ್ನೊಬ್ಬ ಬಂದ, 1967ರಲ್ಲಿ ಚದುರಿತು. ತಪ್ಪು ಅಲ್ಲಿಯೂ ಆಯಿತು. ಆದರೆ ತಪ್ಪನ್ನು ತಪ್ಪೆಂದು ಕರೆಯುವವರೂ ಅಲ್ಲಿ ಹುಟ್ಟಿದರು.

ವಿದೇಶದ ಉದಾಹರಣೆ ಬೇಡವೆನ್ನುವವರಿಗೆ ನಮ್ಮ ಮಣ್ಣಿನದೇ ಉದಾಹರಣೆ ಕೊಡುತ್ತೇನೆ. ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆ ಮೂವರು ಮಹಾಗಾಯಕರನ್ನು ಕೊಟ್ಟಿತು. ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿ ‘ಹರಿಕಥಾಮೃತಸಾರ’ವನ್ನು ಬರೆದ ಜಗನ್ನಾಥದಾಸರು. ವಿಜಯದಾಸರು ಗುರು, ಗೋಪಾಲದಾಸರು ಶಿಷ್ಯ. ಆದರೂ ಗುರುಗಳು ಶಿಷ್ಯನನ್ನು ತಮ್ಮ ‘ವಿಜಯವಿಠಲ’ನ ಅಂಕಿತದಡಿ ಹಾಡಿಸಿ ‘ಸಂಗಡಿಗ’ನನ್ನಾಗಿ ಇರಿಸಿಕೊಳ್ಳಲಿಲ್ಲ, ‘ಗೋಪಾಲವಿಠಲ’ ಎಂಬ ಬೇರೆ ಅಂಕಿತವನ್ನೇ ಕೊಟ್ಟರು. ಮೂರನೆಯವರದು ‘ಜಗನ್ನಾಥವಿಠಲ’. ಹೆಳವನಕಟ್ಟೆ ಗಿರಿಯಮ್ಮನವರಿಗೆ ಗೋಪಾಲದಾಸರ ಅನುಗ್ರಹವಾಯಿತೆಂದು ಸಂಪ್ರದಾಯ ಹೇಳುತ್ತದೆ. ಆಕೆಯ ಹಾಡುಗಳಿಗೂ ಆಕೆಯದೇ ಅಂಕಿತವಿದೆ. “ಅಂಕಿತ ದೇವರ ಹೆಸರು, ಅದು ಅಹಂಕಾರವನ್ನು ಕಳೆದುಕೊಳ್ಳುವ ಕ್ರಮ” ಎಂದು ಪಂಡಿತರು ಹೇಳಬಹುದು. ನಿಜ. ಆದರೆ ಅಹಂಕಾರ ಕಳೆದುಕೊಂಡವರು ಗುರುತನ್ನು ಕಳೆದುಕೊಳ್ಳಲಿಲ್ಲ. ಇನ್ನೂರೈವತ್ತು ವರ್ಷಗಳ ಮೇಲೂ ಒಂದು ಪದದ ಕೊನೆಯ ಸಾಲನ್ನು ಕೇಳಿ ಇದು ಇಂಥವರದೆಂದು ನಮ್ಮೂರಿನ ಭಜನೆಯ ಅಜ್ಜಿ ಹೇಳಬಲ್ಲಳು. ಎಪ್ಪತ್ತು ವರ್ಷಗಳ ಹಿಂದಿನ ಧ್ವನಿಮುದ್ರಿಕೆಯಲ್ಲಿ ಹಾಡಿದ ಇಬ್ಬರು ಹೆಣ್ಣುಮಕ್ಕಳು ಯಾರೆಂದು ನಮ್ಮ ಎಂ.ಎ. ತರಗತಿ ಹೇಳಲಾರದು. ನಾನು ಕೇಳಿ ನೋಡಿದ್ದೇನೆ.

ಇದು ಸತ್ತವರ ಮಾನಾಪಮಾನದ ಮಾತು ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಬದುಕಿರುವವರ ಅನ್ನದ ಮಾತೂ ಹೌದು. ಹೋದ ಬೇಸಗೆಯಲ್ಲಿ ಮಾನ್ವಿಯ ಕಡೆಯಿಂದ ಒಬ್ಬ ಮುದುಕರು ನನ್ನ ಮನೆಗೆ ಬಂದರು. ಮೂವತ್ತು ವರ್ಷ ಮೇಳದಲ್ಲಿ ತುಂತುಣಿ ಹಿಡಿದವರು. ಕಲಾವಿದರ ಮಾಸಾಶನಕ್ಕೆ ಅರ್ಜಿ ಬರೆಸಬೇಕಾಗಿತ್ತು. ಕಲಾಸೇವೆಗೆ ದಾಖಲೆ ಬೇಕಲ್ಲ? ಧೋತರದ ಗಂಟು ಬಿಚ್ಚಿ ಒಂದು ಕಟ್ಟು ಆಮಂತ್ರಣ ಪತ್ರಿಕೆಗಳನ್ನು ನನ್ನ ಮುಂದಿಟ್ಟರು. ಜಾತ್ರೆ, ಉತ್ಸವ, ಸಮ್ಮೇಳನ, ಎಲ್ಲವೂ ಇದ್ದವು. ಒಂದೊಂದನ್ನೂ ಓದಿದೆ. ಮೇಳದ ಮುಖ್ಯಸ್ಥನ ಹೆಸರು ಎಲ್ಲದರಲ್ಲಿಯೂ ಇತ್ತು. ಇವರ ಹೆಸರು ಒಂದರಲ್ಲಿಯೂ ಇರಲಿಲ್ಲ. ನನ್ನ ಮುಖ ನೋಡಿ ಅವರೇ ಬೆರಳಿಟ್ಟು ತೋರಿಸಿದರು: “ಎಲ್ಲದರಾಗೂ ನಾನು ಅದೀನ್ರಿ ಸರ. ಇಲ್ಲಿ ‘ಸಂಗಡಿಗರು’ ಅಂತ ಐತಲ್ರಿ, ಅದು ನಾನ ರೀ.”

ಆ ಮಾತನ್ನು ಯಾವ ಕಚೇರಿ ದಾಖಲೆಯೆಂದು ಒಪ್ಪೀತು? ಗುಮಾಸ್ತನನ್ನು ಬೈದು ಪ್ರಯೋಜನವಿಲ್ಲ. ಅವನು ಕಾಗದದಲ್ಲಿ ಇದ್ದುದನ್ನು ಮಾತ್ರ ಓದಬಲ್ಲ. ಕಾಗದದಲ್ಲಿ ಬರೆಯದೆ ಬಿಟ್ಟವರು ನಾವು: ಸಂಘಟಕರು, ಅಧ್ಯಾಪಕರು, ನಿರೂಪಕರು, ಪತ್ರಿಕೆಗೆ ವರದಿ ಕಳಿಸುವವರು. “ಜಾನಪದಕ್ಕೆ ಕರ್ತೃವಿಲ್ಲ, ಆದ್ದರಿಂದ ಹೆಸರೇಕೆ?” ಎಂದು ಸಿದ್ಧಾಂತ ಹೇಳುವವರೂ ನಾವೇ. ಕಟ್ಟಿದವರು ಯಾರೆಂದು ತಿಳಿಯದಿರಬಹುದು. ಇಂದು ನಮ್ಮ ಕಣ್ಣೆದುರಿಗೆ ನಿಂತು ಹಾಡುತ್ತಿರುವವರು ಯಾರೆಂದು ತಿಳಿಯದೆ? ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದು ಕನ್ನಡಕ್ಕೆ ಮಹೋಪಕಾರ ಮಾಡಿದರು. ಆ ಗೆಳೆಯರ ಹೆಸರು ನಮಗೆ ಬಾಯಿಪಾಠ. ಹಾಡಿದ ಗರತಿಯರಲ್ಲಿ ಒಬ್ಬಳ ಹೆಸರೂ ನಮ್ಮ ಬಾಯಲ್ಲಿಲ್ಲ. ಕರ್ತೃವಿಲ್ಲದ್ದು ಒಡೆಯರಿಲ್ಲದ್ದೆಂದೂ, ಒಡೆಯರಿಲ್ಲದ್ದು ಯಾರು ಬೇಕಾದರೂ ಹೆಸರು ಹಚ್ಚಿಕೊಳ್ಳುವ ಸೊತ್ತೆಂದೂ ಅರ್ಥ ಮಾಡಿಕೊಂಡದ್ದು ನಮ್ಮ ಜಾಣತನ.

ಆಗಬೇಕಾದದ್ದು ದೊಡ್ಡದೇನೂ ಅಲ್ಲ. ವೇದಿಕೆ ಏರುವ ಪ್ರತಿಯೊಬ್ಬರ ಹೆಸರೂ ಊರೂ ಆಮಂತ್ರಣದಲ್ಲಿ ಅಚ್ಚಾಗಲಿ. ಪ್ರಶಸ್ತಿಪತ್ರ ಮೇಳಕ್ಕೊಂದಲ್ಲ, ಆಳಿಗೊಂದು ಸಿಗಲಿ. ಸಂಭಾವನೆ ಎಷ್ಟು, ಯಾರಿಗೆಷ್ಟು ಎಂಬುದು ಎಲ್ಲರಿಗೂ ತಿಳಿಯಲಿ. ಕಾಳಿಂಗರಾಯರ ಹೆಸರು ಹೇಳುವ ವೇದಿಕೆಯಲ್ಲಿ ಸೋಹನಕುಮಾರಿ, ಮೋಹನಕುಮಾರಿಯರ ಹೆಸರೂ ಕೇಳಿಸಲಿ.

ಮೊನ್ನೆ ಒಂದು ಜನಪದ ಕಾರ್ಯಕ್ರಮದ ಆಮಂತ್ರಣ ಬರೆಯುವ ಕೆಲಸ ಮತ್ತೆ ನನ್ನ ಪಾಲಿಗೆ ಬಂತು. ಮೇಳದ ಐವರ ಹೆಸರನ್ನೂ ಬರೆದು ಮುದ್ರಣಾಲಯಕ್ಕೆ ಕಳಿಸಿದೆ. ಅಲ್ಲಿಂದ ಹುಡುಗ ಫೋನು ಮಾಡಿ, “ಜಾಗ ಸಾಲದು ಸರ, ‘ಸಂಗಡಿಗರು’ ಅಂತ ಹಾಕ್ಲೇನ್ರಿ?” ಎಂದ. ಪತ್ರಿಕೆಯನ್ನು ತೆಗೆದು ನೋಡಿದೆ. ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ಹಾಡಲು ಬಾರದ ಇಪ್ಪತ್ತಾರು ಮಹನೀಯರ ಹೆಸರಿತ್ತು. “ಅದರಾಗ ಐದು ಹೆಸರು ತೆಗಿಯಪ್ಪ, ಜಾಗ ಆಕ್ಕೈತಿ” ಎಂದೆ.