ಹನ್ನೊಂದು ಬಾಟ್ಲಿ, ಒಂದೇ ಮುಖ

ಭಾಗ 1/4

ಮೊದಲ ಫೋಟೋದಲ್ಲಿರೋದು ನನ್ನ ಮುಖಾನೇ. ಫಿಲ್ಟರ್ ಇಲ್ಲ. ಫಸ್ಟ್ ಇಯರ್‌ದು, ಇಷ್ಟು ದಿನ ಹೈಡ್ ಮಾಡಿ ಇಟ್ಟಿದ್ದೆ. ಇವತ್ತು ಯಾಕೆ ಹಾಕ್ತಿದೀನಿ ಅಂದ್ರೆ, ಮೊನ್ನೆ ಕಾಲೇಜ್ ವಾಶ್‌ರೂಮಲ್ಲಿ ಒಬ್ಳು ಜೂನಿಯರ್ ಬ್ಯಾಗಿಂದ ಸಣ್ಣ ಟ್ಯೂಬ್ ತೆಗೆದು ಕೆನ್ನೆಗೆ ಹಚ್ಕೋತಿದ್ಲು. "ಅಕ್ಕಾ, ಇದು ಸೂಪರ್, ಹತ್ತೇ ದಿನಕ್ಕೆ ಬೆಳ್ಳಗಾಗ್ತೀವಿ" ಅಂದ್ಲು. ಒಂದು ಕಾಲದಲ್ಲಿ ನಾನು ಹಚ್ತಿದ್ದದ್ದೂ ಅದೇ ಟ್ಯೂಬ್.

ಅಕ್ಕನ ಮದುವೆ ಇತ್ತು. "ದೊಡ್ಡೋಳು ಪರವಾಗಿಲ್ಲ, ಚಿಕ್ಕೋಳು ಸ್ವಲ್ಪ ಕಪ್ಪು" ಅಂತ ನೆಂಟರು ನನ್ನೆದುರೇ ಅಂದಿದ್ರು. ಮೆಡಿಕಲ್ ಶಾಪಲ್ಲಿ ಕೇಳಿದೆ, ಚೀಟಿ ಕೇಳ್ದೇನೇ ಕೊಟ್ರು. ಎರಡನೇ ವಾರಕ್ಕೆ ಮುಖ ನಿಜವಾಗ್ಲೂ ಹೊಳೀತಿತ್ತು, ಮೊಡವೆ ಮಾಯ. ಮದುವೆ ಆಲ್ಬಮ್ಮಲ್ಲಿ ಚೆನ್ನಾಗೇ ಕಾಣ್ತೀನಿ, ಸುಳ್ಳು ಯಾಕೆ ಹೇಳ್ಲಿ. ನಾಲ್ಕು ತಿಂಗಳು ಹಚ್ಚಿದೆ. ಒಂದ್ಸಲ ಟ್ಯೂಬ್ ಖಾಲಿಯಾಗಿ ಮೂರು ದಿನ ಬಿಟ್ಟೆ ನೋಡಿ, ಮುಖಕ್ಕೆ ಖಾರದಪುಡಿ ಎರಚಿದ ಹಾಗೆ ಉರಿ. ಕೆಂಪು, ಗುಳ್ಳೆ, ಬಿಸಿಲಿಗೆ ಕಾಲಿಟ್ರೆ ಕಣ್ಣಲ್ಲಿ ನೀರು. ಮತ್ತೆ ಹಚ್ಚಿದ್ರೆ ಬೆಳಗಾಗೋದ್ರೊಳಗೆ ಆರಾಮ. ಸಿಕ್ಕಿಹಾಕ್ಕೊಳ್ಳೋದು ಅಲ್ಲೇ.

ಭಾಗ 2/4

ಕೊನೆಗೆ ಅಮ್ಮ ಎಳ್ಕೊಂಡು ಚರ್ಮದ ಡಾಕ್ಟರ್ ಹತ್ರ ಹೋದ್ರು. ಡಾಕ್ಟರ್ ನನ್ನ ಮುಖಕ್ಕಿಂತ ಮೊದಲು ಟ್ಯೂಬಿನ ಬೆನ್ನು ನೋಡಿದ್ರು. ಮೂರು ಹೆಸರು: ಹೈಡ್ರೋಕ್ವಿನೋನ್, ಟ್ರೆಟಿನೊಯಿನ್, ಮೊಮೆಟಾಸೋನ್. ಇದು ಬ್ಯೂಟಿ ಕ್ರೀಮ್ ಅಲ್ಲ, ಬಂಗಿಗೆ ಡಾಕ್ಟರ್ ನೋಡ್ಕೊಂಡು ಸ್ವಲ್ಪ ದಿನಕ್ಕೆ ಮಾತ್ರ ಬರ್ಕೊಡೋ ಔಷಧಿ. ಆ ಮೂರನೇದು ಸ್ಟೆರಾಯ್ಡ್. ರಕ್ತನಾಳ ಕುಗ್ಗಿಸುತ್ತೆ, ಉರಿಯೂತ ಅದುಮಿಡುತ್ತೆ, ಅದಕ್ಕೇ ಕೆಂಪು, ಮೊಡವೆ ಎಲ್ಲ ಥಟ್ಟಂತ ಹೋದ ಹಾಗೆ ಕಾಣೋದು. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ಕೆನ್ನೆ ಮೇಲೆ ಕೆಂಪು ನರದ ಗೆರೆ ಕಾಣುತ್ತೆ, ಕೆಲವರಿಗೆ ಮುಖದಲ್ಲಿ ಕೂದಲೂ ಬರುತ್ತೆ. ಇದಕ್ಕೆ ಡಾಕ್ಟರುಗಳು ಇಟ್ಟಿರೋ ಹೆಸರೇ ಟಾಪಿಕಲ್ ಸ್ಟೆರಾಯ್ಡ್ ಡ್ಯಾಮೇಜ್ಡ್ ಫೇಸ್.

2018ರಲ್ಲೇ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್ ಕ್ರೀಮ್‌ಗಳನ್ನ ಷೆಡ್ಯೂಲ್ ಎಚ್ ಕೆಳಗೆ ಬಿಗಿ ಮಾಡ್ತು, ಅಂದ್ರೆ ಚೀಟಿ ಇಲ್ದೆ ಮಾರೋ ಹಾಗಿಲ್ಲ. ಕಾನೂನು ಇದೆ. ನನಗೆ ಟ್ಯೂಬೂ ಸಿಕ್ತು. ಯಾರೂ ಏನೂ ಕೇಳ್ಲಿಲ್ಲ.

ಹುಡುಗ್ರೇ, ಸ್ಕ್ರೋಲ್ ಮಾಡಿ ಹೋಗ್ಬೇಡಿ. ಹಾಸ್ಟೆಲಲ್ಲಿ ಗಜಕರ್ಣಕ್ಕೆ ಅಂತ ಒಬ್ರಿಂದ ಒಬ್ರಿಗೆ ಪಾಸಾಗೋ ಟ್ಯೂಬಲ್ಲೂ ಎಷ್ಟೋ ಸಲ ಇದೇ ಸ್ಟೆರಾಯ್ಡ್ ಇರುತ್ತೆ. ತುರಿಕೆ ನಿಲ್ಲುತ್ತೆ, ಫಂಗಸ್ ಒಳಗೊಳಗೇ ಹರಡುತ್ತೆ.

ಈಗಲೇ ಇಂಥದ್ದು ಹಚ್ತಿರೋರು ಇದನ್ನ ಓದಿ ಗಾಬರಿಯಾಗಿ ಇವತ್ತೇ ಬಿಸಾಡ್ಬೇಡಿ. ತುಂಬಾ ದಿನ ಹಚ್ಚಿದ್ರೆ ನಿಧಾನಕ್ಕೆ ಬಿಡಿಸಬೇಕಾಗಬಹುದು, ಅದನ್ನ ಡಾಕ್ಟರ್ ಹೇಳ್ತಾರೆ. ನನಗೆ ಸರಿಯಾಗೋಕೆ ಎಂಟು ತಿಂಗಳು ಹಿಡೀತು.

ಭಾಗ 3/4

ಈಗ ಟೈಟಲ್‌ಗೆ ಬರೋಣ. ಟ್ಯೂಬ್ ಬಿಟ್ಟ ಮೇಲೆ ಬುದ್ಧಿ ಬಂತು ಅಂದ್ಕೊಂಡ್ರಾ? ಇಲ್ಲ. "ಸೇಫ್ ಆಗಿರೋದು" ಹುಡುಕ್ತಾ ರೀಲ್ಸ್ ನೋಡಿ ಟೋನರ್, ವಿಟಮಿನ್ ಸಿ, ನಿಯಾಸಿನಮೈಡ್, ಎರಡು ಥರ ಆ್ಯಸಿಡ್, ಶೀಟ್ ಮಾಸ್ಕ್, ಅಕ್ಕಿ ನೀರಿನ ಏನೋ ಒಂದು, ಒಟ್ಟು ಹನ್ನೊಂದು ಬಾಟ್ಲಿ. 4,260 ರೂಪಾಯಿ. ಸ್ಕಾಲರ್‌ಶಿಪ್ ದುಡ್ಡು. ಆ್ಯಸಿಡ್ ಹಾಕಿದಾಗ ಚುರುಗುಟ್ಟಿದ್ರೆ "ವರ್ಕ್ ಆಗ್ತಿದೆ" ಅಂದ್ಕೋತಿದ್ದೆ. ಮೊದಲೇ ಗಾಯ ಆಗಿರೋ ಚರ್ಮ, ಅದರ ಮೇಲೆ ಇದು ಬೇರೆ. ಯಾವುದು ಸರಿಹೋಗ್ತಿಲ್ಲ ಅಂತ ಕಂಡುಹಿಡಿಯೋಕೂ ಆಗಲ್ಲ, ಹನ್ನೊಂದೂ ಒಟ್ಟಿಗೇ ಹಚ್ತಿದ್ರೆ ಯಾವುದನ್ನ ಅನುಮಾನಿಸೋದು?

ಬಿಕಾಂ ಓದ್ತಿರೋರಿಗೆ ಸಂಕ್ ಕಾಸ್ಟ್ ಗೊತ್ತಲ್ಲ. ಪರೀಕ್ಷೇಲಿ ಅದರ ಮೇಲೆ ಪುಟ ತುಂಬಿಸಿ ಬರೆದಿದೀನಿ, ಮನೆಗೆ ಬಂದು "ದುಡ್ಡು ಕೊಟ್ಟಿದೀನಿ, ಮುಗಿಸ್ಲೇಬೇಕು" ಅಂತ ಉರೀತಿರೋ ಮುಖಕ್ಕೆ ಅದೇ ಸೀರಮ್ ಹಾಕಿದೀನಿ.

ಮಾರೋರ ಕಡೆಯಿಂದ ನೋಡಿ. ಚರ್ಮ ಸರಿಹೋದ ಗಿರಾಕಿ ಹೊಸದು ಕೊಳ್ಳಲ್ಲ. ಅದಕ್ಕೇ ಪ್ರತಿ ತಿಂಗಳು ನಮ್ಮ ಮುಖದಲ್ಲಿ ಒಂದು ಹೊಸ ಸಮಸ್ಯೆ ಹುಟ್ಟುತ್ತೆ. ರಂಧ್ರಗಳು ಕಾಣೋದು ಸಮಸ್ಯೆ, ಮೂಗಿನ ಮೇಲೆ ಎಣ್ಣೆ ಸಮಸ್ಯೆ, ತುಟಿ ಸುತ್ತ ಸ್ವಲ್ಪ ಕಪ್ಪಿರೋದೂ ಸಮಸ್ಯೆ. ರೀಲ್ ಮಾಡೋ ಅಕ್ಕನಿಗೆ ಲಿಂಕ್ ಕ್ಲಿಕ್ಕಿಗೆ ಕಮಿಷನ್. ದುಡ್ಡು ತಗೊಂಡು ಹಾಕೋ ಪೋಸ್ಟಿಗೆ ಜಾಹೀರಾತು ಅಂತ ಲೇಬಲ್ ಹಾಕ್ಬೇಕು ಅಂತ ಎಎಸ್‌ಸಿಐ 2021ರಲ್ಲೇ ಹೇಳಿದೆ, ನಿಮ್ಮ ಫೀಡಲ್ಲಿ ಎಷ್ಟು ಕಾಣುತ್ತೆ ನೀವೇ ನೋಡಿ. 1975ರಿಂದ "ಫೇರ್" ಅಂತ ಮಾರಿದ ಕ್ರೀಮ್ 2020ರಲ್ಲಿ "ಗ್ಲೋ" ಆಯ್ತು. ನಮ್ಮ ನೆಂಟರ ಬಾಯಲ್ಲಿ ಮಾತ್ರ ಇನ್ನೂ ಆಗಿಲ್ಲ.

ಈಗಂತೂ "ಮಿನಿಮಲ್ ಕಿಟ್" ಅಂತ ಆರು ಬಾಟ್ಲಿ ಡಬ್ಬೀಲಿ ಹಾಕಿ ಮಾರ್ತಿದಾರೆ. ಕಮ್ಮಿ ಕೊಳ್ಳೋದನ್ನೂ ಕೊಂಡ್ಕೋಬೇಕಂತೆ!

ಭಾಗ 4/4

"ಹಾಗಾದ್ರೆ ನೀನು ಏನ್ ಹಚ್ತೀಯಾ?" ಮೂರು. ಮೈಲ್ಡ್ ಫೇಸ್‌ವಾಶ್, ಮಾಯಿಶ್ಚರೈಸರ್, ಬೆಳಗ್ಗೆ ಸನ್‌ಸ್ಕ್ರೀನ್. ಮೂರಕ್ಕೂ ಸೇರಿ ನನಗೆ ಎರಡು ತಿಂಗಳಿಗೆ 900ರ ಆಸುಪಾಸು ಆಗುತ್ತೆ.

ಮೈ ಸೋಪ್ ಯಾಕೆ ಬೇಡ ಅಂದ್ರೆ ಚರ್ಮದ ಪಿಎಚ್ 5ರ ಹತ್ತಿರ, ಮಾಮೂಲಿ ಸೋಪಿಂದು 9, 10. ತೊಳೆದ ಮೇಲೆ ಬಿಗಿಬಿಗಿ ಅನ್ಸುತ್ತಲ್ಲ, ಅದು ಕ್ಲೀನ್ ಆಗಿದ್ದಲ್ಲ, ಒಣಗಿದ್ದು. ಎಣ್ಣೆ ಚರ್ಮದವರಿಗೂ ಮಾಯಿಶ್ಚರೈಸರ್ ಬೇಕು, ಜೆಲ್ ಥರದ್ದು ತಗೊಳ್ಳಿ.

ದುಡ್ಡು ಖರ್ಚು ಮಾಡೋದಾದ್ರೆ ಸನ್‌ಸ್ಕ್ರೀನಿಗೆ ಮಾಡಿ. ನಮ್ಮಂಥ ಬಣ್ಣದವರಿಗೆ ಮೊಡವೆಗಿಂತ ಅದು ಬಿಟ್ಟು ಹೋಗೋ ಕಪ್ಪು ಕಲೆನೇ ದೊಡ್ಡ ಕಾಟ, ಬಿಸಿಲು ಬಿದ್ದಷ್ಟೂ ಅದು ಗಟ್ಟಿಯಾಗುತ್ತೆ. ಎಸ್‌ಪಿಎಫ್ 30 ಸುಮಾರು 97% ಯುವಿಬಿ ತಡೆಯುತ್ತೆ, 50 ಸುಮಾರು 98%. ಆ ಒಂದು ಪರ್ಸೆಂಟಿಗೆ ಡಬಲ್ ರೇಟ್ ಕೊಡ್ಬೇಡಿ, ಅದರ ಬದಲು ಎರಡು ಬೆರಳುದ್ದ ಹಚ್ಚಿ. ಕಡಲೆಕಾಳಷ್ಟು ಹಚ್ಚಿ "ಕೆಲಸ ಮಾಡಲ್ಲ" ಅನ್ನೋರೇ ಜಾಸ್ತಿ.

ಅಡುಗೆಮನೆ ಪಾರ್ಟಿಯವರು ಕಾಮೆಂಟಿಗೆ ಬರೋ ಮೊದಲೇ ಹೇಳ್ತೀನಿ: ನಿಂಬೆರಸದ ಪಿಎಚ್ 2ರ ಹತ್ತಿರ, ಹಚ್ಚಿ ಬಿಸಿಲಿಗೆ ಹೋದ್ರೆ ಸುಟ್ಟ ಕಲೆ ಬೀಳಬಹುದು. ಟೂತ್‌ಪೇಸ್ಟ್ ಹಲ್ಲಿಗೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಕೊಳ್ಳಿ, ಹಣೆಗೆ ಇಳಿಸ್ಬೇಡಿ. ಅಜ್ಜಿ ಕಡಲೆಹಿಟ್ಟಿನ ಬಗ್ಗೆ ನಾನೇನೂ ಅನ್ನಲ್ಲ, ಮನೇಲಿ ಊಟ ಬೇಕು.

ಮೂರೇ ಹಚ್ಚಿದ್ರೆ ಎಲ್ಲ ಹೋಗುತ್ತೆ ಅಂತಾನೂ ಅಲ್ಲ. ಗಟ್ಟಿ ನೋವಿನ ಮೊಡವೆ, ಜೊತೆಗೆ ಪೀರಿಯಡ್ಸ್ ಏರುಪೇರು ಇದ್ರೆ ಡಾಕ್ಟರ್ ಹತ್ರ ಹೋಗಿ. ಜಿಲ್ಲಾಸ್ಪತ್ರೇಲೂ ಚರ್ಮದ ವಿಭಾಗ ಇರುತ್ತೆ, ಹನ್ನೊಂದು ಬಾಟ್ಲಿಗಿಂತ ಅಗ್ಗ. ಏನೇ ಶುರು ಮಾಡಿದ್ರೂ ಎರಡು ತಿಂಗಳಾದ್ರೂ ಕೊಡಿ, ಚರ್ಮ ಹೊಸದಾಗೋಕೇ ಸುಮಾರು 28 ದಿನ ಬೇಕು.

ನಾನು ಈಗ್ಲೂ ಬೆಳ್ಳಗಿಲ್ಲ. ಎಡಗೆನ್ನೆ ಮೇಲಿನ ಆ ಗೆರೆ ಹೋಗಿಲ್ಲ, ಕೊನೇ ಫೋಟೋ ಝೂಮ್ ಮಾಡಿದ್ರೆ ಕಾಣುತ್ತೆ.

ಇವತ್ತು ರಾತ್ರಿ ನಿಮ್ಮ ಟ್ಯೂಬ್ ತಿರುಗಿಸಿ ನೋಡಿ. ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್, ಇದರಲ್ಲಿ ಒಂದಿದ್ರೂ ಅದು ಸ್ಟೆರಾಯ್ಡ್. ಅಕ್ಷರ ಓದೋಕಾಗ್ದೆ ಇದ್ರೆ ಫೋಟೋ ಡಿಎಂ ಮಾಡಿ, ಓದಿ ಹೇಳ್ತೀನಿ. ಅಷ್ಟೇ, ನಾನು ಡಾಕ್ಟರ್ ಅಲ್ಲ. ಸೋಮವಾರ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇದೆ, ರಿಪ್ಲೈ ಲೇಟಾದ್ರೆ ಬೈಬೇಡಿ.